ಕುದುರೆಗೆ ಪ್ರೋಬಯಾಟಿಕ್: ಡಬ್ಬಿ ಕೊಳ್ಳುವ ಮುನ್ನ ಪರೀಕ್ಷಿಸುವುದು ಹೇಗೆ?

ಕುದುರೆಯ ಲದ್ದಿ ತೆಳುವಾದರೆ ಅಥವಾ ಮೈ ಇಳಿದರೆ ಲಾಯದಲ್ಲಿ ಬೇಗನೆ ಕೇಳಿಬರುವ ಸಲಹೆ ಪ್ರೋಬಯಾಟಿಕ್ ಪುಡಿಯದು, ಅಂದರೆ ಕರುಳಿಗೆ ಒಳ್ಳೆಯದೆಂದು ತಿನ್ನಿಸುವ ಜೀವಂತ ಸೂಕ್ಷ್ಮಜೀವಿಗಳ ಪುಡಿಯದು. ಅದನ್ನು ಪೂರಾ ಮೋಸವೆನ್ನಲಾಗದು. ಆದರೆ ಡಬ್ಬಿಯ ಮೇಲಿನ ಭರವಸೆಗೂ ಇದುವರೆಗಿನ ಸಂಶೋಧನೆಗೂ ನಡುವೆ ಅಂತರ ದೊಡ್ಡದಿದೆ.

ಮೊದಲು ಪ್ರಮಾಣದ ಲೆಕ್ಕ ನೋಡಬೇಕು. ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ. ಹುಲ್ಲಿನ ನಾರು ಜೀರ್ಣವಾಗುವುದು ಸುಮಾರು 30 ಲೀಟರ್ ಹಿಡಿಯುವ ಕುರುಡುಗರುಳಿನಲ್ಲಿ (ಸಣ್ಣ ಕರುಳಿನ ನಂತರದ ಚೀಲದಂಥ ಭಾಗ) ಮತ್ತು ಅದರ ಮುಂದಿನ ದೊಡ್ಡ ಕರುಳಿನಲ್ಲಿ; ಅಲ್ಲಿನ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಉಂಟುಮಾಡುವ ಕೊಬ್ಬಿನಾಮ್ಲಗಳೇ ಹುಲ್ಲು ತಿನ್ನುವ ಕುದುರೆಯ ಶಕ್ತಿಯ ದೊಡ್ಡ ಪಾಲನ್ನು ಒದಗಿಸುತ್ತವೆ. ಆ ದ್ರವದ ಒಂದೇ ಮಿಲಿಲೀಟರಿನಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಾಗಳಿರಬಲ್ಲವು. ಚಮಚವೊಂದರಲ್ಲಿ ನೂರು ಕೋಟಿ ಜೀವಾಣುಗಳಿವೆಯೆಂದು ಹೇಳುವ ಪುಡಿ, ಜಠರದ ಆಮ್ಲವನ್ನು ಪೂರ್ತಿಯಾಗಿ ದಾಟಿ ಹೋದರೂ, ಅಂಥ ದ್ರವದ ಒಂದೇ ಒಂದು ಮಿಲಿಲೀಟರನ್ನು ಸೇರಿಸಿದಂತಾಯಿತು, ಅಷ್ಟೇ.

ಎರಡನೆಯದಾಗಿ, ಪುಡಿಯಲ್ಲಿರುವುದು ಯೀಸ್ಟೋ ಬ್ಯಾಕ್ಟೀರಿಯಾವೋ ಎಂಬುದನ್ನು ಬೇರ್ಪಡಿಸಿ ನೋಡಿ. ಸ್ಯಾಕರೋಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟ್ ನಾರಿನ ಜೀರ್ಣವನ್ನು ತುಸು ಹೆಚ್ಚಿಸಿತೆಂದು ಕೆಲವು ಪ್ರಯೋಗಗಳು ತೋರಿಸಿದರೆ, ಇನ್ನು ಕೆಲವು ಯಾವ ವ್ಯತ್ಯಾಸವನ್ನೂ ಕಂಡಿಲ್ಲ. ಲ್ಯಾಕ್ಟೋಬ್ಯಾಸಿಲಸ್‌ನಂಥ ಬ್ಯಾಕ್ಟೀರಿಯಾಗಳ ಪರವಾದ ಪುರಾವೆ ಇನ್ನೂ ದುರ್ಬಲ. ನನಗೆ ಹಣ ಖರ್ಚು ಮಾಡಲೇಬೇಕಾದರೆ ಯೀಸ್ಟನ್ನೇ ಆರಿಸುತ್ತೇನೆ, ಅದೂ ಮೇವು ಸರಿಯಾದ ಮೇಲೆ.

ಏಕೆಂದರೆ ತೊಂದರೆಯ ಮೂಲ ಬಹಳಷ್ಟು ಸಲ ಮೇವಿನಲ್ಲೇ ಇರುತ್ತದೆ. ಓಟ್ಸ್, ಜೋಳದಂಥ ಕಾಳುಗಳನ್ನು ಒಂದೇ ಹೊತ್ತಿಗೆ ಹೆಚ್ಚು ಕೊಟ್ಟರೆ, ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದ ಪಿಷ್ಟ ಕುರುಡುಗರುಳಿಗೆ ಹರಿದು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಆಗ ನಾರು ಹುದುಗಿಸುವ ಜೀವಿಗಳು ಸಾಯುತ್ತವೆ, ಭೇದಿ, ಹೊಟ್ಟೆಶೂಲೆ, ಗೊರಸಿನ ಉರಿಯೂತದವರೆಗೂ ಅದು ಮುಟ್ಟಬಹುದು. ದಿನಕ್ಕೆ ದೇಹತೂಕದ ಶೇ 1.5ರಷ್ಟಾದರೂ, ಅಂದರೆ 450 ಕಿಲೋ ಕುದುರೆಗೆ ಆರೂಮುಕ್ಕಾಲು ಕಿಲೋ, ಒಣ ಲೆಕ್ಕದಲ್ಲಿ (ನೀರಿನಂಶ ಕಳೆದು) ಹುಲ್ಲು ಅಥವಾ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಸಿಗಬೇಕು. ಕಾಳನ್ನು ಸಣ್ಣ ಸಣ್ಣ ಹೊತ್ತುಗಳಾಗಿ ಒಡೆಯಿರಿ. ಮೇವು ಬದಲಿಸುವುದಿದ್ದರೆ ಎರಡು ವಾರಗಳಲ್ಲಿ ನಿಧಾನವಾಗಿ ಬದಲಿಸಿ. ಹಲ್ಲು ಮತ್ತು ಜಂತುಹುಳದ ತಪಾಸಣೆಯೂ ಆಗಲಿ.

ಆಮೇಲೆ ಡಬ್ಬಿಯನ್ನು ಓದಿ. ಜೀವಿಯ ಪೂರ್ಣ ಹೆಸರು, ತಳಿಯ ಗುರುತು, ಅವಧಿ ಮುಗಿಯುವ ದಿನದವರೆಗೂ ಬದುಕಿರುವ ಎಣಿಕೆ, ಶೇಖರಣೆಯ ಉಷ್ಣತೆ, ಇಷ್ಟೂ ಇಲ್ಲದಿದ್ದರೆ ಹಿಂದಿಡಿ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಮಾರುಕಟ್ಟೆಯ ಪ್ರೋಬಯಾಟಿಕ್‌ಗಳನ್ನು ಪರೀಕ್ಷಿಸಿದಾಗ ಹಲವುಗಳಲ್ಲಿ ಬರೆದದ್ದಕ್ಕೂ ಒಳಗಿದ್ದುದಕ್ಕೂ ಹೊಂದಾಣಿಕೆಯೇ ಇರಲಿಲ್ಲ. ಬೇಸಿಗೆಯ ತಗಡಿನ ಛಾವಣಿಯಡಿ ಇಟ್ಟ ಡಬ್ಬಿಯ ಬಗ್ಗೆ ಹೇಳುವುದೇ ಬೇಡ.

ಇಷ್ಟಾದ ಮೇಲೂ ಕೊಡಬೇಕೆನಿಸಿದರೆ ಅಳೆದು ಕೊಡಿ. ಎದೆಯ ಸುತ್ತಳತೆಯ ವರ್ಗವನ್ನು ಭುಜದಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಗುಣಿಸಿ 11,880ರಿಂದ ಭಾಗಿಸಿದರೆ (ಅಳತೆಗಳು ಸೆಂಟಿಮೀಟರಿನಲ್ಲಿ) ತೂಕ ಅಂದಾಜಾಗಿ ಕಿಲೋದಲ್ಲಿ ಸಿಗುತ್ತದೆ. ಎರಡು ವಾರ ಏನೂ ಬದಲಿಸದೆ ತೂಕವನ್ನೂ ಲದ್ದಿಯ ಹದವನ್ನೂ ಬರೆದಿಟ್ಟುಕೊಂಡು, ನಂತರ ನಾಲ್ಕು ವಾರ ಪುಡಿಯೊಂದನ್ನು ಮಾತ್ರ ಸೇರಿಸಿ, ಮತ್ತೆ ನಿಲ್ಲಿಸಿ ನೋಡಿ. ನಿಲ್ಲಿಸಿದ ಮೇಲೂ ಸುಧಾರಣೆ ಹಾಗೆಯೇ ಉಳಿದರೆ ಕೀರ್ತಿ ಪುಡಿಯದೆಂದು ಹೇಳುವುದು ಕಷ್ಟ.

ಆಗತಾನೇ ಹುಟ್ಟಿದ ಮರಿಗಳ ಮೇಲೆ ಮಾತ್ರ ಈ ಪ್ರಯೋಗ ಬೇಡ. 2005ರಲ್ಲಿ ಪ್ರಕಟವಾದ ಗ್ವೆಲ್ಫ್‌ನ ಅಧ್ಯಯನದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಪಡೆದ ಮರಿಗಳಲ್ಲೇ ಭೇದಿ ಹೆಚ್ಚು ಕಂಡುಬಂದಿತ್ತು. ದೊಡ್ಡ ಕುದುರೆಗೂ ಜ್ವರ, ನೀರಿನಂಥ ಭೇದಿ ಅಥವಾ ಲದ್ದಿ ನಿಂತು ಹೊಟ್ಟೆಯತ್ತ ತಿರುಗಿ ನೋಡುವ ಲಕ್ಷಣ ಕಂಡರೆ, ಪುಡಿ ಹುಡುಕದೆ ಆ ಕೂಡಲೇ ಪಶುವೈದ್ಯರನ್ನು ಕರೆಸಿ.