ಹೆಗಲಿಗೇರಿಸಿದ್ದ ಸರ್ವರ್ ಇಳಿಸಿದ್ದು ಹೀಗೆ

ಬ್ಯಾಂಕಿನ ಮೀಟಿಂಗ್ ರೂಮಿಗೆ ಕಾಲಿಟ್ಟ ಕೂಡಲೇ ನಾನು ಹುಡುಕುತ್ತಿದ್ದುದು ಪ್ಲಗ್ ಪಾಯಿಂಟ್. 2006ರ ಮಾತು. ಊರೂರು ತಿರುಗಿ ನಮ್ಮ ಸಾಫ್ಟ್‌ವೇರಿನ ಡೆಮೊ ಕೊಡುವುದು ನನ್ನ ಕೆಲಸ. ಅದು ಓಡುತ್ತಿದ್ದುದು ಸನ್ ಕಂಪನಿಯ ಸ್ಪಾರ್ಕ್ ಚಿಪ್ ಇರುವ ಸರ್ವರಿನಲ್ಲಿ. ಆ ಚಿಪ್ಪಿಗಾಗಿ ಮಾಡಿದ್ದು ಮಾಮೂಲಿ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಹಾಗೇ ಓಡುವುದಿಲ್ಲ. ಸರ್ವರ್ ಹೊತ್ತುಕೊಂಡು ಬಸ್ ಹತ್ತೋಕಾಗುತ್ತಾ? ಅದಕ್ಕೇ ಹೆಗಲಲ್ಲಿ ಒಂದು ಸ್ಪಾರ್ಕ್ ಲ್ಯಾಪ್‌ಟಾಪ್. ಭಾರ ಜಾಸ್ತಿ, ಬ್ಯಾಟರಿ ಹೆಸರಿಗಷ್ಟೇ. ಎಸಿ ರೂಮಿನಲ್ಲಿ ಕೂತು ಹಗಲೂ ರಾತ್ರಿ ದುಡಿಯುವ ಜಾತಿಯ ಚಿಪ್ ಅದು, ಅದಕ್ಕೆ ಕರೆಂಟ್ ಉಳಿಸುವ ಅಭ್ಯಾಸ ಎಲ್ಲಿಂದ ಬರಬೇಕು?

ಇಂಥ ಯಂತ್ರಗಳನ್ನು ಟ್ಯಾಡ್‌ಪೋಲ್ ಕಂಪನಿ 90ರ ದಶಕದಿಂದಲೇ ಮಾಡುತ್ತಿತ್ತು. 2005ರಲ್ಲಿ ಸನ್ ಕೂಡ ಅಲ್ಟ್ರಾ 3 ಅಂತ ತಂದಿತು. ಆದರೆ ಅದೇ ವರ್ಷ ಸನ್ ತನ್ನ ಆಪರೇಟಿಂಗ್ ಸಿಸ್ಟಮ್ ಸೊಲಾರಿಸ್ 10 ಅನ್ನು ಉಚಿತವಾಗಿ ಬಿಟ್ಟಿತು, ಇಂಟೆಲ್ ಚಿಪ್ಪಿಗೂ ಸೇರಿಸಿ. ಮಾಮೂಲಿ ಲ್ಯಾಪ್‌ಟಾಪಿನಲ್ಲೇ ಡೆಮೊ ಕೊಡಬಹುದಲ್ಲ ಅಂತ ನನಗೆ ಆಸೆ ಹುಟ್ಟಿತು.

ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ವಿಎಂವೇರ್ ಹಾಕಿ, ಅದರೊಳಗೆ ಸೊಲಾರಿಸ್ ಕೂರಿಸಿ, ಸಿ ಭಾಷೆಯಲ್ಲಿ ಬರೆದ ನಮ್ಮ ಕೋಡನ್ನು ಮತ್ತೆ ಕಂಪೈಲ್ ಮಾಡಿದೆ, ಅಂದರೆ ಇಂಟೆಲ್ ಚಿಪ್ಪಿಗೆ ತಿಳಿಯುವ ರೂಪಕ್ಕೆ ತಿರುಗಿಸಿದೆ. ಎರಡೇ ದಿನ. ಖುಷಿಯಾಗಿ, ಸ್ಪಾರ್ಕ್ ಯಂತ್ರದಲ್ಲಿ ಬರೆದಿದ್ದ ಡೇಟಾ ಫೈಲ್ ತೆರೆದರೆ, ಒಬ್ಬ ಗ್ರಾಹಕನ ಖಾತೆಗಳ ಸಂಖ್ಯೆ 16777216! ಇರಬೇಕಾದ್ದು 1. ಸ್ಪಾರ್ಕ್ ನಾಲ್ಕು ಬೈಟಿನ ಸಂಖ್ಯೆಯನ್ನು ದೊಡ್ಡ ತುದಿಯಿಂದ, ಅಂದರೆ ಹೆಚ್ಚು ಬೆಲೆಯ ಬೈಟ್ ಮೊದಲು ಬರುವಂತೆ ಬರೆಯುತ್ತದೆ, ಇಂಟೆಲ್ ಚಿಕ್ಕ ತುದಿಯಿಂದ ಓದುತ್ತದೆ. ನಾವು ಮೆಮೊರಿಯಲ್ಲಿದ್ದುದನ್ನು ಹಾಗೇ ಫೈಲಿಗೆ ಸುರಿದಿದ್ದೆವು. ತಪ್ಪು ನಮ್ಮದೇ. ಓದುವ, ಬರೆಯುವ ಪ್ರತಿ ಜಾಗದಲ್ಲೂ ಬೈಟ್ ತಿರುವಿ ಹಾಕೋಕೆ ಎರಡು ವಾರ ಹಿಡಿಯಿತು.

ಆಮೇಲೆ ಸ್ಪಾರ್ಕ್ ಲ್ಯಾಪ್‌ಟಾಪಿನ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ಮುಂದುವರಿಸೋಣವಾ ಅಂತ ಮ್ಯಾನೇಜರ್ ಕೇಳಿದರು. ಬೇಡ ಸಾರ್ ಅಂದೆ. ಇವನ್ನು ಕೊಳ್ಳುವವರು ಮೊದಲೇ ಬೆರಳೆಣಿಕೆ. ಅವರಲ್ಲೂ ಕೋಡ್ ಕೈಯಲ್ಲಿದ್ದವರೆಲ್ಲ ನನ್ನ ಹಾಗೆ ಜಾರಿಕೊಂಡರೆ, ಹೊಸ ಮಾಡೆಲ್ ಯಾರಿಗೋಸ್ಕರ ಮಾಡಬೇಕು? ಉಳಿಯುವವರು ಕಂಪೈಲ್ ಮಾಡಲಾಗದವರು ಮಾತ್ರ.

ಅಂಥವರಲ್ಲಿ ನಾವೂ ಒಬ್ಬರು ಅಂತ ತಿಂಗಳ ಮೇಲೆ ಗೊತ್ತಾಯಿತು. ಬಡ್ಡಿ ಲೆಕ್ಕದ ಒಂದು ಹಳೇ ಮಾಡ್ಯೂಲಿನ ಸೋರ್ಸ್ ಕೋಡ್ ಆಫೀಸಿನಲ್ಲಿ ಎಲ್ಲೂ ಸಿಗಲಿಲ್ಲ. ಬರೆದವರು ಕೆಲಸ ಬಿಟ್ಟು ಯಾವ ಕಾಲವಾಗಿತ್ತೋ. ಅದೊಂದನ್ನು ತೋರಿಸಬೇಕಾದಾಗ ಬೀರುವಿನಿಂದ ಹಳೇ ಯಂತ್ರ ತೆಗೆದು, ಧೂಳು ಒರೆಸಿ, ಮತ್ತೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ.