ಗೈವಾನ್‌ನಲ್ಲಿ ಊಲಾಂಗ್: ಒಂದೇ ಎಲೆಗೆ ಆರು ಸಲ ನೀರು

ಚೀನಾದ ಚಹಾ ಕುಡಿದು ‘ಬರೀ ಬಣ್ಣದ ನೀರು’ ಎಂದು ಮುಖ ಸಿಂಡರಿಸುವವರು ಬಹಳ ಜನ. ದೊಡ್ಡ ಮಗ್‌ಗೆ ಚಿಟಿಕೆ ಎಲೆ ಹಾಕಿ ಸುಮ್ನೆ ಬಿಟ್ಟರೆ ಹಾಗೇ ಆಗೋದು ಅಲ್ವಾ? ಎಲೆ ಜಾಸ್ತಿ ಇರಲಿ, ನೀರು ಕಡಿಮೆ, ಹೊತ್ತು ಇನ್ನೂ ಕಡಿಮೆ. ಚೀನಾದ ಫುಜಿಯಾನ್, ಗುವಾಂಗ್‌ಡಾಂಗ್ ಪ್ರಾಂತ್ಯಗಳ ಗೊಂಗ್‌ಫು ಪದ್ಧತಿಯ ಗುಟ್ಟು ಇಷ್ಟೇ. ಹೊಸಬರು ಫುಜಿಯಾನ್‌ನ ಆನ್‌ಶಿಯಲ್ಲಿ ಬೆಳೆಯುವ ಟಿಯೆಗುವಾನ್‌ಯಿನ್ ಎಂಬ ಊಲಾಂಗ್‌ನಿಂದ ಶುರು ಮಾಡಲಿ. ಊಲಾಂಗ್ ಅಂದರೆ ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನ ಬಗೆ. ಸಮಯ ಸ್ವಲ್ಪ ಹೆಚ್ಚುಕಮ್ಮಿಯಾದರೂ ಅದು ಬೇಗ ಕಹಿಯಾಗುವುದಿಲ್ಲ.

ಬೇಕಾಗುವುದು 100–120 ಮಿ.ಲೀ. ಹಿಡಿಯುವ ಗೈವಾನ್. ಅಂದರೆ ಹಿಡಿ ಇಲ್ಲದ ಬಟ್ಟಲು, ಕೆಳಗೊಂದು ತಟ್ಟೆ, ಮೇಲೊಂದು ಮುಚ್ಚಳ. ಜತೆಗೆ ಸಣ್ಣ ಜಗ್, ಪುಟ್ಟ ಕಪ್‌ಗಳು, 6 ಗ್ರಾಂ ಎಲೆ. ಹಾಲು, ಸಕ್ಕರೆ ಬೇಡ.

ಮೊದಲು ಬಟ್ಟಲು, ಜಗ್, ಕಪ್‌ಗಳಿಗೆ ಕುದಿನೀರು ಸುರಿದು ಚೆಲ್ಲಿ. ಬಿಸಿಯಾದ ಖಾಲಿ ಬಟ್ಟಲಿಗೆ ಎಲೆ ಹಾಕಿ, ಮುಚ್ಚಿ, ಒಮ್ಮೆ ಅಲುಗಾಡಿಸಿ. ಈಗ ಮುಚ್ಚಳ ಸರಿಸಿ ಮೂಸಿ ನೋಡಿ. ಈ ಹೂವಿನ ಘಮವನ್ನು ಖಂಡಿತ ತಪ್ಪಿಸಿಕೊಳ್ಳಬೇಡಿ.

ಮತ್ತೆ ಕುದಿನೀರು ಹಾಕಿ ಐದು ಸೆಕೆಂಡಿನಲ್ಲಿ ಚೆಲ್ಲಿಬಿಡಿ. ಗುಂಡಗೆ ಸುತ್ತಿಕೊಂಡ ಎಲೆ ಬಿಚ್ಚಿಕೊಳ್ಳಲು ಶುರುವಾಗಲು ಇದು ಸಾಕು.

ಕುಡಿಯುವ ಮೊದಲ ಸುತ್ತಿಗೆ 15–20 ಸೆಕೆಂಡು. ಬಟ್ಟಲನ್ನು ಅಂಚಿನವರೆಗೆ ತುಂಬಬೇಡಿ, ಬೆರಳು ಸುಡುತ್ತದೆ. ಹೆಬ್ಬೆರಳು, ನಡುಬೆರಳಿನಿಂದ ಅಂಚು ಹಿಡಿದು, ತೋರುಬೆರಳಿನಿಂದ ಮುಚ್ಚಳದ ಗುಬುಟು ಒತ್ತಿ, ಸಣ್ಣ ಸಂದು ಬಿಟ್ಟು ಜಗ್‌ಗೆ ಬಗ್ಗಿಸಿ. ಕೊನೆಯ ಹನಿಯೂ ಇಳಿಯಬೇಕು. ತಳದಲ್ಲಿ ನೀರು ಉಳಿದರೆ ಎಲೆ ನೆನೆಯುತ್ತಲೇ ಇದ್ದು, ಮುಂದಿನ ಸುತ್ತು ಒಗರಾಗುತ್ತದೆ. ಆಮೇಲಿನ ಪ್ರತಿ ಸುತ್ತಿಗೂ 5–10 ಸೆಕೆಂಡು ಸೇರಿಸುತ್ತಾ ಹೋಗಿ. ಒಳ್ಳೆ ಎಲೆ ಆರು ಸುತ್ತು ಆರಾಮವಾಗಿ ಬರುತ್ತದೆ. ನನಗೆ ಎರಡನೆಯದು, ಮೂರನೆಯದೇ ಇಷ್ಟ.

ಮೂರನೇ ಸುತ್ತಿನ ಹೊತ್ತಿಗೆ ಒಂದು ಎಲೆಯನ್ನು ಬಿಡಿಸಿ ನೋಡಿ. ಹಳೆಯ ಕ್ರಮದಲ್ಲಿ ಮಾಡಿದ್ದಾದರೆ ನಡು ಹಸಿರು, ಅಂಚು ಕೆಂಪು. ಕೊಯ್ದ ಎಲೆಯನ್ನು ಬಿದಿರಿನ ಪೀಪಾಯಿಯಲ್ಲಿ ಹಾಕಿ ತಿರುಗಿಸುತ್ತಾರೆ. ಅಂಚು ಜಜ್ಜಿ, ಗಾಳಿ ತಾಗಿ ಕೆಂಪಾಗುತ್ತದೆ. ಸರಿಯಾದ ಹೊತ್ತಿಗೆ ಬಿಸಿ ಕೊಟ್ಟು ಅದನ್ನು ನಿಲ್ಲಿಸುತ್ತಾರೆ. ಊಲಾಂಗ್‌ನ ರುಚಿ ಹುಟ್ಟುವುದೇ ಇಲ್ಲಿ.

ಇಡೀ ಎಲೆಯನ್ನು ಹೀಗೆ ನೆನೆಸುವ ರೂಢಿ ತೀರಾ ಹಳೆಯದಲ್ಲ. 8ನೇ ಶತಮಾನದಲ್ಲಿ, ಲು ಯು ಚಹಾದ ಬಗ್ಗೆ ಪುಸ್ತಕ ಬರೆದ ಕಾಲದಲ್ಲಿ, ಎಲೆಯನ್ನು ಒತ್ತಿ ಮಾಡಿದ ಚಹಾದ ಬಿಲ್ಲೆಯನ್ನು ಸುಟ್ಟು, ಪುಡಿಮಾಡಿ, ಉಪ್ಪು ಹಾಕಿ ಕುದಿಸುತ್ತಿದ್ದರು. ಆಮೇಲೆ ಸಾಂಗ್ ರಾಜವಂಶದ ಕಾಲದಲ್ಲಿ ಪುಡಿಯನ್ನು ಬಿಸಿನೀರಲ್ಲಿ ಕಡೆದು ನೊರೆ ಬರಿಸುತ್ತಿದ್ದರು. ಬಿಲ್ಲೆ ಮಾಡುವ ಕೆಲಸ ಜನರಿಗೆ ಹೊರೆಯಾಗಿದೆಯೆಂದು ಮಿಂಗ್ ರಾಜವಂಶದ ದೊರೆ ಹಾಂಗ್‌ವು 1391ರಲ್ಲಿ ಕಪ್ಪವಾಗಿ ಬಿಡಿ ಎಲೆಯನ್ನೇ ಕೊಡಿ ಎಂದು ಆಜ್ಞೆ ಮಾಡಿದ. ಬಿಡಿ ಎಲೆಯ ಚಹಾ ಹರಡಲು ಅದು ದೊಡ್ಡ ಕಾರಣವಾಯಿತು. ಊಲಾಂಗ್ ಬಂದದ್ದು ಅದಕ್ಕೂ ಎಷ್ಟೋ ಕಾಲದ ನಂತರ.

ಹಸಿರು, ಹಳದಿ, ಬಿಳಿ, ಊಲಾಂಗ್, ಕಪ್ಪು ಚಹಾ, ಹುದುಗಿಸಿದ ಚಹಾ, ಆರೂ ಒಂದೇ ಗಿಡದವು. ಬೇರೆಯಾಗುವುದು ಮಾಡುವ ಕ್ರಮದಿಂದ. ಹಾಗಾಗಿ ನೀರಿನ ಬಿಸಿಯೂ ಬದಲಾಗಬೇಕು. ಹಾಂಗ್‌ಜೋವಿನ ಲಾಂಗ್‌ಜಿಂಗ್ ಹಸಿರು ಚಹಾಕ್ಕೆ 80 ಡಿಗ್ರಿ ಸಾಕು, ಮುಚ್ಚಳ ಹಾಕಬೇಡಿ. ಯುನ್ನಾನ್‌ನ ಹುದುಗಿಸಿದ ಚಹಾ ಪು-ಎರ್‌ಗೆ ಕುದಿಯುವ ನೀರೇ ಬೇಕು, ಮೊದಲು ಎರಡು ಸಲ ತೊಳೆಯಿರಿ.

ಉಳಿದ ಟಿಯೆಗುವಾನ್‌ಯಿನ್ ಹೆಚ್ಚು ಹುರಿಯದ ಹಸಿರು ಬಗೆಯದಾದರೆ ಗಾಳಿಯಾಡದಂತೆ ಕಟ್ಟಿ ಫ್ರಿಜ್‌ನಲ್ಲಿಡಿ. ಚೆನ್ನಾಗಿ ಹುರಿದದ್ದಕ್ಕೆ ಒಣ ಜಾಗದಲ್ಲಿಟ್ಟ ತಗಡಿನ ಡಬ್ಬಿ ಸಾಕು.