ಗಂಜಿ, ಎಂಜಲು, ಗುಂಡಿಗೆ: ಜೀವಕ್ರಿಯೆಗಳ ಪಾಠ ನಾನು ಮಾಡುವ ರೀತಿ

ಹತ್ತನೇ ಕ್ಲಾಸಿನ ಜೀವಕ್ರಿಯೆಗಳ ಪಾಠ ಮಕ್ಕಳಿಗೆ ಸುಲಭ, ಕಲಿಸುವವರಿಗೆ ಕಷ್ಟ. ಪೋಷಣೆ, ಉಸಿರಾಟ, ಸಾಗಾಣಿಕೆ, ವಿಸರ್ಜನೆ, ನಾಲ್ಕೂ ತಲೆಬರಹ ಅವರಿಗೆ ಮೊದಲೇ ಗೊತ್ತು. "ಲಾಲಾರಸದ ಅಮೈಲೇಸ್ ಪಿಷ್ಟವನ್ನು ಸಕ್ಕರೆ ಮಾಡುತ್ತದೆ" ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಹೌದಾ, ನಿನಗೆ ಹೇಗೆ ಗೊತ್ತು ಅಂದರೆ "ಬುಕ್ಕಲ್ಲಿದೆ ಮಿಸ್" ಅನ್ನುತ್ತಾರೆ. ನನಗೆ ಆ ಉತ್ತರ ಸಾಲದು.

ನಮ್ಮದು ಸರ್ಕಾರಿ ಪ್ರೌಢಶಾಲೆ. ಲ್ಯಾಬ್ ಅಂದರೆ ಒಂದು ಕಬ್ಬಿಣದ ಬೀರು, ಒಂದು ಉದ್ದದ ಟೇಬಲ್. ಅಷ್ಟರಲ್ಲೇ ಈ ಪಾಠವನ್ನು ಪೂರ್ತಿ ಮಾಡಿ ತೋರಿಸಬಹುದು. ನಾನು ಇಟ್ಟುಕೊಂಡಿರುವ ನಿಯಮ ಒಂದೇ: ಏನೇ ಮಾಡಿದರೂ ಎರಡು ಟ್ಯೂಬ್ ಇರಬೇಕು. ಮೊದಲನೇದರಲ್ಲಿ ನಾವು ಪರೀಕ್ಷೆ ಮಾಡುತ್ತಿರುವ ವಸ್ತು, ಎರಡನೇದರಲ್ಲಿ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ. ಎರಡನೇ ಟ್ಯೂಬ್ ಇಲ್ಲದಿದ್ದರೆ ಅದು ಪ್ರಯೋಗ ಅಲ್ಲ, ಸುಮ್ನೆ ಜಾದೂ.

ಪುಸ್ತಕದಲ್ಲಿ ಎಲೆ ಮೊದಲು ಬರುತ್ತದೆ. ನಾನು ಎಂಜಲಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಒಂದೇ ಪೀರಿಯಡ್ಡಿನಲ್ಲಿ ಮುಗಿಯುತ್ತದೆ, ಬಿಸಿಲೂ ಬೇಡ. ಮಧ್ಯಾಹ್ನದ ಬಿಸಿಯೂಟದ ಅಡುಗೆ ಅಕ್ಕನ ಹತ್ತಿರ ಒಂದು ಲೋಟ ಅನ್ನದ ಗಂಜಿ ಇಸ್ಕೊಳ್ಳುತ್ತೇನೆ. ಗಂಜಿಯಲ್ಲಿರುವುದು ಪಿಷ್ಟ, ಅದಕ್ಕೆ ಅಯೋಡಿನ್ ಸೇರಿದರೆ ನೀಲಿ ಬರುತ್ತದೆ. ಗಂಜಿಯನ್ನು ಹಾಗೇ ಬಳಸಬೇಡಿ. ಒಂದು ಚಮಚ ಗಂಜಿಗೆ ಒಂದು ಲೋಟ ನೀರು ಬೆರೆಸಬೇಕು, ಗಟ್ಟಿ ಇದ್ದರೆ ಬೆಲ್ ಹೊಡೆದರೂ ಬಣ್ಣ ಬದಲಾಗುವುದಿಲ್ಲ. ಇನ್ನೊಂದು ಮಾತು, ಗಂಜಿ ಪೂರ್ತಿ ಆರಿರಬೇಕು. ಬಿಸಿ ಗಂಜಿಗೆ ಅಯೋಡಿನ್ ಹಾಕಿದರೆ ನೀಲಿ ಬರುವುದೇ ಇಲ್ಲ, ತಣ್ಣಗಾದ ಮೇಲೆ ಬರುತ್ತದೆ. ಅಯೋಡಿನ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಟಿಂಚರ್ ಸಿಕ್ಕಿದರೆ ಒಳ್ಳೆಯದು, ಇಲ್ಲದಿದ್ದರೆ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣವೂ ನಡೆಯುತ್ತದೆ. ಮುಲಾಮು ಬೇಡ. ನೀರು ಬೆರೆಸಿ ತಿಳಿ ಹಳದಿ ಮಾಡಿಕೊಳ್ಳಿ.

ಈಗ ಟೈಲ್ಸ್. ಮನೆ ಕಟ್ಟುವ ಜಾಗದಲ್ಲಿ ಬಿದ್ದಿರುವ ಒಡೆದ ಬಿಳಿ ಟೈಲ್ಸ್ ತುಂಡು ತಂದು ತೊಳೆದು ಅದರ ಮೇಲೆ ಅಯೋಡಿನ್ನಿನ ಹನಿಗಳನ್ನು ಎರಡು ಸಾಲಾಗಿ ಇಡುತ್ತೇವೆ. ಒಂದು ಟ್ಯೂಬಿನಲ್ಲಿ ಗಂಜಿ ಮತ್ತು ನೀರು, ಇನ್ನೊಂದರಲ್ಲಿ ಗಂಜಿ ಮತ್ತು ಎಂಜಲು. ಎಂಜಲು ಅಂದ ತಕ್ಷಣ ಕ್ಲಾಸೆಲ್ಲ ಕಿಸಕಿಸ. ಯಾರ ಟ್ಯೂಬಿಗೆ ಅವರದೇ ಎಂಜಲು, ಬೇರೆಯವರದನ್ನು ಮುಟ್ಟುವ ಹಾಗಿಲ್ಲ, ಕೊನೆಗೆ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅವರೇ ತೊಳೆಯಬೇಕು. ಟ್ಯೂಬನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಲು ಹೇಳುತ್ತೇನೆ, ಮೈ ಬಿಸಿಯೇ ಅದಕ್ಕೆ ಬೇಕಾದ ಬಿಸಿ. ನಿಮಿಷಕ್ಕೊಮ್ಮೆ ಎರಡೂ ಟ್ಯೂಬಿನಿಂದ ಒಂದೊಂದು ಹನಿ ತೆಗೆದು ಅಯೋಡಿನ್ ಹನಿಗೆ ಸೇರಿಸಬೇಕು. ನೀರಿನ ಸಾಲು ಕೊನೆಯವರೆಗೂ ಕಡು ನೀಲಿ. ಎಂಜಲಿನ ಸಾಲು ಮೊದಲು ನೀಲಿ, ಆಮೇಲೆ ನೇರಳೆ, ಆಮೇಲೆ ಕೆಂಪು ಮಿಶ್ರಿತ ಕಂದು, ಕೊನೆಗೆ ಬರೀ ಅಯೋಡಿನ್ನಿನ ಹಳದಿ. ಆ ನಡುವಿನ ಕಂದು ಹನಿ ಇದೆಯಲ್ಲ, ಅಲ್ಲಿ ನಿಲ್ಲಿಸಿ ಮಾತಾಡಬೇಕು. ಪಿಷ್ಟದ ಉದ್ದನೆ ಸರಪಳಿ ಒಂದೇ ಏಟಿಗೆ ಸಕ್ಕರೆ ಆಗುವುದಿಲ್ಲ, ತುಂಡು ತುಂಡಾಗಿ ಗಿಡ್ಡ ಆಗುತ್ತಾ ಹೋಗುತ್ತದೆ, ಅರ್ಧ ತುಂಡಾಗಿರುವಾಗ ಅಯೋಡಿನ್ ಕೊಡುವ ಬಣ್ಣವೇ ಬೇರೆ. ಸುಮ್ಮನೆ ಅರ್ಧ ಗಂಟೆ ಬಿಟ್ಟು ಕೊನೆಯಲ್ಲಿ ಒಮ್ಮೆ ನೋಡಿದರೆ ಈ ಹನಿ ಕಣ್ಣಿಗೆ ಬೀಳುವುದೇ ಇಲ್ಲ.

ಇದಾದ ಮೇಲೆ ಎರಡು ಟ್ಯೂಬ್ ಸೇರಿಸುತ್ತೇನೆ. ಒಂದಕ್ಕೆ ಕುದಿಸಿ ಆರಿಸಿದ ಎಂಜಲು, ಇನ್ನೊಂದಕ್ಕೆ ಎಂಜಲಿನ ಜೊತೆ ಸ್ವಲ್ಪ ವಿನೆಗರ್. ಎರಡರಲ್ಲೂ ನೀಲಿ ಹೋಗುವುದಿಲ್ಲ. ಬಾಯಲ್ಲಿ ಕೆಲಸ ಮಾಡುವ ಕಿಣ್ವ ಹೊಟ್ಟೆಯ ಆಮ್ಲದಲ್ಲಿ ಯಾಕೆ ಕೈಚೆಲ್ಲುತ್ತದೆ ಅಂತ ಬೇರೆ ಪಾಠ ಬೇಕಿಲ್ಲ. ಹುಳಿಗೆ ನಿಂಬೆಹಣ್ಣು ಮಾತ್ರ ಹಿಂಡಬೇಡಿ. ಅದರಲ್ಲಿರುವ ವಿಟಮಿನ್ ಸಿ ಅಯೋಡಿನ್ನಿನ ಬಣ್ಣವನ್ನೇ ತೆಗೆದುಬಿಡುತ್ತದೆ, ಪಿಷ್ಟ ಇದ್ದರೂ ಇಲ್ಲ ಅನ್ನಿಸುತ್ತದೆ. ಬುದ್ಧಿವಂತ ಮಕ್ಕಳಿದ್ದರೆ ಬೇಕಂತಲೇ ಹಿಂಡಿ, ಎಂಜಲು ಹಾಕದ ಇನ್ನೊಂದು ಟ್ಯೂಬಿಗೂ ಹಿಂಡಿ, ಎರಡರಲ್ಲೂ ನೀಲಿ ಹೋಗಿದ್ದು ಯಾಕೆ ಅಂತ ಅವರಿಂದಲೇ ಹೇಳಿಸಬಹುದು.

ಹೊಟ್ಟೆಯ ಆಮ್ಲದ ಮಾತು ಬಂದಾಗ ಅಮೆರಿಕದ ವಿಲಿಯಂ ಬೋಮಾಂಟ್ ಕಥೆ ಹೇಳದೆ ಬಿಡುವುದಿಲ್ಲ. 1822ರಲ್ಲಿ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನೋ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಬದುಕಿಕೊಂಡ, ಆದರೆ ಹೊಟ್ಟೆಯ ತೂತು ಮುಚ್ಚಲಿಲ್ಲ. ಡಾಕ್ಟರ್ ಬೋಮಾಂಟ್ ಮಾಂಸದ ತುಂಡನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟು, ಆಗಾಗ ಎಳೆದು ನೋಡುತ್ತಿದ್ದ. ಅಷ್ಟಕ್ಕೇ ನಿಲ್ಲಲಿಲ್ಲ. ಜಠರರಸವನ್ನು ಸೀಸೆಗೆ ತೆಗೆದು, ಬೆಚ್ಚಗಿಟ್ಟು, ಅದರಲ್ಲೂ ಮಾಂಸ ಕರಗುತ್ತದೆ ಅಂತ ತೋರಿಸಿದ. ಹೊಟ್ಟೆ ಹಿಂಡಿ ಅರೆಯುವುದಷ್ಟೇ ಜೀರ್ಣಕ್ರಿಯೆ ಅಲ್ಲ ಅನ್ನೋದಕ್ಕೆ ಆ ಸೀಸೆಯೇ ಅವನ ಎರಡನೇ ಟ್ಯೂಬ್. ಸೇಂಟ್ ಮಾರ್ಟಿನ್ನನ್ನು ಮನೆಗೆಲಸಕ್ಕೂ ಇಟ್ಟುಕೊಂಡು ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದು ಸರಿಯಲ್ಲ ಅಂತಲೂ ಹೇಳುತ್ತೇನೆ. ಮಕ್ಕಳು ಅದರ ಬಗ್ಗೆಯೇ ಜಾಸ್ತಿ ಜಗಳ ಆಡುತ್ತಾರೆ, ಆಡಲಿ.

ಎಲೆಯ ವಿಷಯಕ್ಕೆ ಬರೋಣ. ಪಾಠ ಬರೋದು ಮಳೆಗಾಲದಲ್ಲಿ, ಪ್ರಯೋಗಕ್ಕೆ ಬೇಕಾದ್ದು ಬಿಸಿಲು. ಮೋಡ ಕವಿದ ವಾರದಲ್ಲಿ ಮಾಡಿದರೆ ಎಲೆಯಲ್ಲಿ ಪಿಷ್ಟವೇ ಸರಿಯಾಗಿ ಇರುವುದಿಲ್ಲ. ಹಾಗಾಗಿ ಒಳ್ಳೆ ಬಿಸಿಲು ಬಿದ್ದ ವಾರ ನೋಡಿ, ಪಾಠ ಎಲ್ಲೇ ಇದ್ದರೂ ಇದನ್ನು ಮಾಡಿಬಿಡುತ್ತೇನೆ. ಕುಂಡದ ಗಿಡವನ್ನು ಮೂರು ದಿನ ಕತ್ತಲೆಯಲ್ಲಿ ಇಡಬೇಕು, ಆಗ ಎಲೆ ಕೂಡಿಟ್ಟ ಪಿಷ್ಟವನ್ನೆಲ್ಲ ಖರ್ಚು ಮಾಡುತ್ತದೆ. ಪುಸ್ತಕದಲ್ಲಿ ಮನಿಪ್ಲಾಂಟ್ ಹೇಳಿದ್ದಾರೆ, ಆಗುತ್ತದೆ, ಆದರೆ ಎಲೆ ದಪ್ಪ, ಬಣ್ಣ ಬಿಡಿಸೋಕೆ ತುಂಬಾ ಹೊತ್ತು ಬೇಕು. ನರ್ಸರಿಯಲ್ಲಿ ಬಿಳಿ ಹಸಿರು ಮಚ್ಚೆಯ ಎಲೆಯ ದಾಸವಾಳ ಸಿಗುತ್ತದೆ, ತೆಳು ಎಲೆ, ಅದೇ ನನಗಿಷ್ಟ. ಆರು ಗಂಟೆ ಬಿಸಿಲಲ್ಲಿಟ್ಟು ಕಿತ್ತ ತಕ್ಷಣ ಬೆಣ್ಣೆ ಕಾಗದವನ್ನು ಎಲೆ ಮೇಲಿಟ್ಟು ಹಸಿರು ಭಾಗದ ಅಂಚನ್ನು ಪೆನ್ಸಿಲ್ಲಿನಲ್ಲಿ ಗೀಚಿಕೊಳ್ಳಬೇಕು. ಇದನ್ನು ಬಿಡಬೇಡಿ, ಯಾಕೆಂದರೆ ಬಣ್ಣ ಹೋದ ಮೇಲೆ ಹಸಿರು ಎಲ್ಲಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ.

ಮೊದಲು ಎಲೆಯನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಬೇಯಿಸಿ. ಆಮೇಲೆ ಬೆಂಕಿ ಆರಿಸಿ, ಬರ್ನರನ್ನು ಟೇಬಲ್ಲಿನಿಂದಲೇ ದೂರ ಇಡಿ. ಮುಂದೆ ಬಳಸುವ ಸ್ಪಿರಿಟ್ ಅಂದರೆ ಆಲ್ಕೋಹಾಲ್, ಅದು 78 ಡಿಗ್ರಿಗೇ ಕುದಿಯುತ್ತದೆ, ಅದರ ಆವಿಗೆ ಬೆಂಕಿ ಹತ್ತಿಕೊಳ್ಳೋಕೆ ಹೊತ್ತು ಬೇಡ. ಸ್ಪಿರಿಟ್ ಹಾಕಿದ ಟ್ಯೂಬಿನೊಳಗೆ ಎಲೆ ಇಟ್ಟು, ಆ ಟ್ಯೂಬನ್ನು ಫ್ಲಾಸ್ಕಿನ ಬಿಸಿ ನೀರು ತುಂಬಿದ ಲೋಟದಲ್ಲಿ ನಿಲ್ಲಿಸಿ. ನೀರು ಆರಿದರೆ ಬದಲಾಯಿಸಿ. ನಿಧಾನ ಆಗುತ್ತದೆ, ಆದರೆ ಯಾರ ಕೈಯೂ ಸುಡುವುದಿಲ್ಲ. ಸ್ಪಿರಿಟ್ ಹಸಿರಾಗುತ್ತದೆ, ಎಲೆ ಬಿಳಿಚಿಕೊಂಡು ಪೆಡಸಾಗುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಬಿಳಿ ತಟ್ಟೆಯಲ್ಲಿ ಹರಡಿ, ಆರಲು ಬಿಟ್ಟು, ಅಯೋಡಿನ್ ಹಾಕಿ. ನೀಲಿಗಪ್ಪು ಭಾಗದ ಮೇಲೆ ಬೆಣ್ಣೆ ಕಾಗದ ಇಟ್ಟರೆ ಪೆನ್ಸಿಲ್ ಗೆರೆ ಸರಿಯಾಗಿ ಕೂರುತ್ತದೆ. ಇಲ್ಲಿ ಬೇರೆ ಎರಡನೇ ಟ್ಯೂಬ್ ಬೇಕಿಲ್ಲ, ಎಲೆಯ ಬಿಳಿ ಭಾಗವೇ ಅದು. ಅದೇ ಗಿಡ, ಅದೇ ಬಿಸಿಲು, ಅದೇ ನೀರು, ಪತ್ರಹರಿತ್ತು ಮಾತ್ರ ಇಲ್ಲ.

ಉಸಿರಾಟಕ್ಕೆ ಸುಣ್ಣದ ತಿಳಿ ಸಾಕು. ಎಲೆ ಅಡಿಕೆ ಅಂಗಡಿಯ ಸುಣ್ಣವನ್ನು ನೀರಿನಲ್ಲಿ ಕದಡಿ, ಮುಚ್ಚಿಟ್ಟು, ಮರುದಿನ ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಬೇಕು. ಒಂದು ಟ್ಯೂಬಿಗೆ ಸ್ಟ್ರಾದಲ್ಲಿ ಊದುವುದು, ಇನ್ನೊಂದಕ್ಕೆ ಸೈಕಲ್ ಪಂಪಿನಿಂದ ಗಾಳಿ. ಊದಬೇಕು, ಹೀರಬಾರದು, ಇದನ್ನು ಹತ್ತು ಸಲ ಹೇಳಿ. ಊದಿದ್ದು ಬೇಗ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಪಂಪ್ ಹೊಡೆಯುವವನು ಮಾತ್ರ ಹೊಡೀತಾನೇ ಇರುತ್ತಾನೆ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇಕಡ 0.04ರಷ್ಟು, ನಾವು ಬಿಡುವ ಉಸಿರಿನಲ್ಲಿ ಶೇಕಡ 4ರ ಆಸುಪಾಸು, ಅಂದರೆ ನೂರು ಪಟ್ಟು. ಯಾರಾದರೂ ತುಂಟ ಹುಡುಗ ಊದುತ್ತಲೇ ಇದ್ದರೆ ಹಾಲಿನ ಬಣ್ಣ ಹೋಗಿ ಮತ್ತೆ ತಿಳಿಯಾಗುತ್ತದೆ. ಗಾಬರಿ ಬೇಡ, ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುವ ಬೈಕಾರ್ಬೊನೇಟ್ ಆಗಿರುತ್ತದೆ ಅಷ್ಟೆ.

ಗಿಡದ ಉಸಿರಾಟ ಅಂದಾಗಲೇ ನಿಜವಾದ ತಕರಾರು ಶುರು. ಗಿಡ ಹಗಲು ಆಹಾರ ಮಾಡುತ್ತದೆ, ರಾತ್ರಿ ಉಸಿರಾಡುತ್ತದೆ ಅಂತ ಅರ್ಧ ಕ್ಲಾಸ್ ನಂಬಿರುತ್ತದೆ. ಅದರ ಮೇಲೆ ಅರಳಿ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಅಂತ ಮೊಬೈಲಿನಲ್ಲಿ ಬಂದ ಮೆಸೇಜು ಬೇರೆ. ವಾದ ಮಾಡಿ ಪ್ರಯೋಜನ ಇಲ್ಲ. ಎರಡು ಅಗಲ ಬಾಯಿಯ ಬಾಟಲಿ ತಗೊಂಡು, ಎರಡರೊಳಗೂ ಸಣ್ಣ ಮುಚ್ಚಳದಲ್ಲಿ ಸುಣ್ಣದ ತಿಳಿ ಇಟ್ಟು, ಒಂದಕ್ಕೆ ಮಾತ್ರ ಆಗ ತಾನೇ ಕಿತ್ತ ಅರಳಿ ಎಲೆ ತುಂಬಿ, ಬಿಗಿಯಾಗಿ ಮುಚ್ಚಿ, ಕಪ್ಪು ಬಟ್ಟೆ ಸುತ್ತಿ ಬೀರುವಿನಲ್ಲಿ ಇಟ್ಟು ಬೀಗದ ಕೈಯನ್ನು ವಾದ ಮಾಡಿದವರ ಕೈಗೇ ಕೊಡುತ್ತೇನೆ. ಬೆಳಗ್ಗೆ ಎಲೆ ಇದ್ದ ಬಾಟಲಿಯ ಸುಣ್ಣದ ನೀರಿನ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ. ಖಾಲಿ ಬಾಟಲಿಯಲ್ಲಿ ಅಷ್ಟು ಇರುವುದಿಲ್ಲ. ಅರಳಿಯೂ ರಾತ್ರಿ ಕಾರ್ಬನ್ ಡೈಆಕ್ಸೈಡನ್ನೇ ಬಿಡುತ್ತದೆ, ಹಗಲೂ ಉಸಿರಾಡುತ್ತದೆ, ಹಗಲು ದ್ಯುತಿಸಂಶ್ಲೇಷಣೆಯ ಜೋರಿನಲ್ಲಿ ಅದು ನಮಗೆ ಗೊತ್ತಾಗುವುದಿಲ್ಲ. ಯಾನ್ ಇಂಗೆನ್‌ಹೌಸ್ ಅನ್ನೋ ಡಚ್ ವೈದ್ಯ 1779ರಲ್ಲೇ ಇದನ್ನು ಬರೆದಿದ್ದಾನೆ: ಗಾಳಿಯನ್ನು ಶುದ್ಧ ಮಾಡುವುದು ಹಸಿರು ಭಾಗಗಳು ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ.

ಮೊಳಕೆ ಕಟ್ಟಿದ ಹೆಸರುಕಾಳಿನಲ್ಲೂ ಇದೇ ಆಗುತ್ತದೆ. ಅದಕ್ಕೆ ಜೋಡಿಯಾಗಿ ಬೇಯಿಸಿದ ಕಾಳು ಇಡುವುದಾದರೆ ಒಂದೇ ರಾತ್ರಿಗೆ ಮುಗಿಸಿ. ಜಾಸ್ತಿ ಬಿಟ್ಟರೆ ಬೆಂದ ಕಾಳು ಹಳಸಿ, ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಉಸಿರೂ ಸುಣ್ಣದ ನೀರಿಗೆ ಸೇರುತ್ತದೆ.

ಗಿಡದ ಸಾಗಾಣಿಕೆಗೆ ಕರ್ಣಕುಂಡಲದ ಗಿಡಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕಾಂಡ ಒಳಗಿರುವುದು ಕಾಣುವಷ್ಟು ತಿಳಿ. ಕೆಂಪು ಇಂಕಿನ ನೀರಲ್ಲಿ ನಿಲ್ಲಿಸಿ ಮಧ್ಯಾಹ್ನ ನೋಡಿದರೆ ಗೆರೆ ಗೆರೆಯಾಗಿ ಏರಿರುತ್ತದೆ, ಅಡ್ಡ ಕೊಯ್ದರೆ ಕ್ಸೈಲಮ್, ಅಂದರೆ ನೀರು ಏರುವ ಕೊಳವೆಗಳು, ಎಲ್ಲಿದೆಯೋ ಅಲ್ಲಿ ಮಾತ್ರ ಕೆಂಪು ಚುಕ್ಕಿ. ಎಲೆ ಕಿತ್ತ ಇನ್ನೊಂದು ಕಾಂಡವನ್ನೂ ಪಕ್ಕದಲ್ಲಿಡಿ, ಅದರಲ್ಲಿ ಇಂಕು ನಿಧಾನ. ಮೇಲಿಂದ ಎಳೆಯುವುದು ಎಲೆಯ ಬಾಷ್ಪವಿಸರ್ಜನೆ, ಅಂದರೆ ಎಲೆಯಿಂದ ನೀರು ಆವಿಯಾಗಿ ಹೋಗುವುದು, ಅಂತ ಅಲ್ಲೇ ಗೊತ್ತಾಗುತ್ತದೆ.

ಗುಂಡಿಗೆಗೆ ಮಟನ್ ಅಂಗಡಿ. ಹಿಂದಿನ ದಿನವೇ ಹೇಳಿಡಬೇಕು, ಇಲ್ಲದಿದ್ದರೆ ಸೀಳಿ ತೊಳೆದು ಕೊಡುತ್ತಾರೆ. ಮೇಲಿನ ದಪ್ಪ ಕೊಳವೆ ಎರಡು ಬೆರಳಷ್ಟಾದರೂ ಉಳಿಸಿ ಕೊಡಿ ಅಂತ ಕೇಳಿ. ನಮ್ಮಲ್ಲಿ ಮಾಂಸ ಮುಟ್ಟದ ಮನೆಯ ಮಕ್ಕಳೂ ಇದ್ದಾರೆ, ಅವರಿಗೆ ಮೊದಲೇ ಹೇಳಿ, ಬೇಡ ಅಂದವರಿಗೆ ಬೇರೆ ಬೆಂಚಿನಲ್ಲಿ ನಾಡಿ ಎಣಿಸುವ ಕೆಲಸ ಕೊಡುತ್ತೇನೆ. ಗುಂಡಿಗೆ ಕೈಗೆ ಬಂದಾಗ ಎಡ ಯಾವುದು, ಬಲ ಯಾವುದು ಅನ್ನೋದೇ ಮೊದಲ ಗೊಂದಲ. ಹಿಚುಕಿ ನೋಡಿ. ಗಟ್ಟಿಯಾಗಿರೋದು ಎಡ ಹೃತ್ಕುಕ್ಷಿ (ಗುಂಡಿಗೆಯ ಕೆಳಗಿನ ಕೋಣೆ), ಮೆತ್ತಗೆ ಕುಸಿಯೋದು ಬಲ. ಕೊಯ್ಯುವ ಮೊದಲು ಆ ದಪ್ಪ ಕೊಳವೆಗೆ, ಅಂದರೆ ಮಹಾಪಧಮನಿಗೆ, ನೀರು ಹುಯ್ಯಿರಿ, ಕವಾಟ ಮುಚ್ಚಿಕೊಂಡು ನೀರು ಅಲ್ಲೇ ನಿಲ್ಲುತ್ತದೆ. ಆಮೇಲೆ ಕೊಯ್ದರೆ ಎಡದ ಗೋಡೆ ಬಲದ್ದಕ್ಕಿಂತ ಎಷ್ಟು ದಪ್ಪ ಅಂತ ಸ್ಕೇಲ್ ಇಟ್ಟು ಅಳೆಯಬಹುದು. ಬಲದ್ದು ಪಕ್ಕದ ಶ್ವಾಸಕೋಶಕ್ಕೆ ಮಾತ್ರ ತಳ್ಳಬೇಕು, ಎಡದ್ದು ಮೈಪೂರ್ತಿ. ಕವಾಟಕ್ಕೆ ಕಟ್ಟಿದ ಬಿಳಿ ದಾರಗಳನ್ನು ಬೆರಳಿನಿಂದ ಎಳೆದು ನೋಡಲು ಕೊಡಿ, ಅಷ್ಟು ಸುಲಭಕ್ಕೆ ಕಿತ್ತು ಬರುವುದಿಲ್ಲ.

ನಾಡಿ ಎಣಿಸುವ ಬೆಂಚಿಗೂ ಮೋಸ ಆಗಬಾರದು ಅಲ್ವಾ? ಅವರಿಗೆ ರಕ್ತ ಮೈಯಲ್ಲಿ ಸುತ್ತುತ್ತದೆ ಅಂತ ತೋರಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರ ಪುಸ್ತಕದಲ್ಲಿ ಚಿತ್ರ ಹಾಕಿ ತೋರಿಸಿದ ಪರೀಕ್ಷೆ. ತೋಳಿಗೆ ಬಟ್ಟೆ ಸ್ವಲ್ಪ ಬಿಗಿಯಾಗಿ ಕಟ್ಟಿದರೆ ಮುಂಗೈಯ ರಕ್ತನಾಳ (ಅಭಿಧಮನಿ) ಉಬ್ಬುತ್ತದೆ. ಮಣಿಕಟ್ಟಿನ ಕಡೆ ಒಂದು ಬೆರಳು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೊಣಕೈ ಕಡೆಗೆ ಸವರಿ ಕೈ ತೆಗೆಯಿರಿ. ರಕ್ತನಾಳ ಖಾಲಿಯಾಗೇ ಇರುತ್ತದೆ, ಮೇಲಿನ ರಕ್ತ ವಾಪಸ್ ಬರುವುದಿಲ್ಲ. ಕೆಳಗಿನ ಬೆರಳು ತೆಗೆದ ಕೂಡಲೇ ತುಂಬಿಕೊಳ್ಳುತ್ತದೆ. ಒಂದೆರಡು ನಿಮಿಷಕ್ಕೆ ಬಟ್ಟೆ ಬಿಚ್ಚಿಬಿಡಿ.

ವಿಸರ್ಜನೆಗೆ ನನ್ನ ಹತ್ತಿರ ಒಳ್ಳೆ ಪ್ರಯೋಗ ಇಲ್ಲ. ಮೂತ್ರಜನಕಾಂಗಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಹೊರಗೆ ಹೋಗುವುದು ಒಂದೆರಡು ಲೀಟರ್. ಇದಕ್ಕೆ 15 ಲೀಟರಿನ ಹನ್ನೆರಡು ಬಿಂದಿಗೆ ಸಾಲಾಗಿ ಇಡಿಸುತ್ತೇನೆ, ಪಕ್ಕಕ್ಕೆ ಒಂದು ನೀರಿನ ಬಾಟಲಿ. ಮಿಕ್ಕಿದ್ದೆಲ್ಲ ಎಲ್ಲಿ ಹೋಯಿತು ಅಂತ ಕೇಳಿದರೆ ಮೂತ್ರಜನಕಾಂಗದ ಸೋಸುವ ಘಟಕವಾದ ನೆಫ್ರಾನಿನ ಚಿತ್ರಕ್ಕೆ ದಾರಿ ಸಿಗುತ್ತದೆ.

ಮಾಡುವವರಿಗೆ ಕೊನೆಯದಾಗಿ ಸಾಮಾನಿನ ಮಾತು. ಅಯೋಡಿನ್, ಸ್ಪಿರಿಟ್, ವಿನೆಗರ್, ಸುಣ್ಣ, ಸ್ಟ್ರಾ, ಇಷ್ಟೂ ಊರಲ್ಲೇ ಸಿಗುತ್ತದೆ. ಎಲೆಗೆ ಕಾರ್ಬನ್ ಡೈಆಕ್ಸೈಡ್ ಬೇಕು ಅಂತ ತೋರಿಸುವ ಪುಸ್ತಕದ ಪ್ರಯೋಗಕ್ಕೆ ಬೇಕಾದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚರ್ಮ ಸುಡುತ್ತದೆ, ಆ ಪ್ರಯೋಗ ಮಾತ್ರ ನೀವೇ ಮಾಡಿ ತೋರಿಸಿ, ಮಕ್ಕಳ ಕೈಗೆ ಕೊಡಬೇಡಿ. ಸ್ಪಿರಿಟ್ ಬಾಟಲಿ ಬೀರುವಿನಲ್ಲಿ, ಬೀಗ ನಿಮ್ಮ ಹತ್ತಿರ. ಅರಳಿ ಎಲೆ ಇಡುವ ರಾತ್ರಿ ಬೀಗದ ಕೈ ಮಕ್ಕಳಿಗೆ ಕೊಡುವುದಿದ್ದರೆ ಮೊದಲು ಸ್ಪಿರಿಟ್ ಬಾಟಲಿಯನ್ನು ಬೇರೆ ಕಡೆ ಎತ್ತಿಡಿ.